ಮುತ್ತು, ಮಾಸಾಶನ ಮತ್ತು ಒಂದು ಖಾಲಿ ಕಾಲಂ

ಭಾರತ ಹುಣ್ಣಿಮೆ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಬಸ್ಸುಗಳಿಗೆ ಬಿಡುವಿರುವುದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಪ್ಪ ಬಿಲ್ಲೇರಿ ನುಡಿಯುವ ಒಂದೇ ಸಾಲಿನ ಕಾರ್ಣಿಕಕ್ಕೆ ಜನಸಾಗರ ಕಿವಿಗೊಟ್ಟು ನಿಲ್ಲುತ್ತದೆ. ಆ ಒಂದು ಸಾಲಿನಲ್ಲಿ ಮಳೆ ಎಷ್ಟು, ಬೆಳೆ ಎಷ್ಟು, ಸರ್ಕಾರ ಉಳಿಯುತ್ತದೆಯೋ ಉರುಳುತ್ತದೆಯೋ ಎಂದು ಅರ್ಥ ಹುಡುಕುವ ಕೆಲಸ ಮುಂದೆ ತಿಂಗಳುಗಟ್ಟಲೆ ನಡೆಯುತ್ತದೆ. ಅದು ಮುಗಿದು ಸ್ವಲ್ಪ ದಿನಕ್ಕೇ ಕೊಟ್ಟೂರೇಶ್ವರನ ತೇರು. ಹರಪನಹಳ್ಳಿ ಕಡೆಯವರು ಉಚ್ಚಂಗಿದುರ್ಗದ ಬೆಟ್ಟ ಹತ್ತಿ ಉಚ್ಚಂಗೆಮ್ಮನಿಗೆ ಕಾಯಿ ಒಡೆಯುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಂಗು ತಪ್ಪಿದ ಮೇಲಂತೂ ಹುಲಿಗಿ, ಸವದತ್ತಿಗಳು ಇನ್ನಷ್ಟು ಹತ್ತಿರವಾಗಿವೆ.

ಇದೇ ಹುಣ್ಣಿಮೆಗೆ ಇನ್ನೊಂದು ಮುಖವೂ ಇದೆ. 2014ರ ಫೆಬ್ರವರಿ 13ರಂದು ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಒಂದು ತುರ್ತು ಅರ್ಜಿ ವಿಚಾರಣೆಗೆ ಬಂತು. ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕಿನ ದೇವಿ ಗುಡಿಯೊಂದರಲ್ಲಿ ಅಂದೇ ರಾತ್ರಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಶಾಸ್ತ್ರ ನಡೆಯಲಿದೆ, ತಡೆಯಿರಿ ಎಂಬುದು ಅರ್ಜಿದಾರರ ಮೊರೆ. ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ನೇತೃತ್ವದ ಪೀಠವು ಅದನ್ನು ತಡೆಯಲು ಎಲ್ಲ ಕ್ರಮ ಕೈಗೊಳ್ಳಬೇಕೆಂದು ಕರ್ನಾಟಕದ ಮುಖ್ಯ ಕಾರ್ಯದರ್ಶಿಗೆ ನಿರ್ದೇಶನ ನೀಡಿತು. ದೇವದಾಸಿ ಪದ್ಧತಿಯನ್ನು ರಾಜ್ಯದಲ್ಲಿ ಕಾನೂನು ಮಾಡಿ ನಿಷೇಧಿಸಿ ಮೂರು ದಶಕ ಕಳೆದ ಮೇಲಿನ ಮಾತಿದು! ದೇಶದ ಅತ್ಯುನ್ನತ ನ್ಯಾಯಾಲಯವು ಬೆಟ್ಟದ ಸೀಮೆಯ ಒಂದು ಗುಡಿಯ ಒಂದು ರಾತ್ರಿಯ ಬಗ್ಗೆ ಚಿಂತಿಸಬೇಕಾಗಿ ಬಂದದ್ದೇಕೆ?

ದೇವರಿಗೆ ಬಿಡುವುದು ಎಂದರೆ ಹುಡುಗಿಯ ಕೊರಳಿಗೆ ಕೆಂಪು, ಬಿಳಿ ಮಣಿಗಳ ಸರ ಹಾಕುವುದು. ಅದಕ್ಕೆ ಮುತ್ತು ಕಟ್ಟುವುದು ಎನ್ನುತ್ತಾರೆ. ಎಲ್ಲಮ್ಮ, ಹುಲಿಗೆಮ್ಮ, ಉಚ್ಚಂಗೆಮ್ಮ, ಕೆಲವೆಡೆ ಊರಮ್ಮ ಹೀಗೆ ದೇವಿಯ ಹೆಸರು ಊರಿಂದೂರಿಗೆ ಬದಲಾಗುತ್ತದೆ. ಮುತ್ತು ಕಟ್ಟಿಸಿಕೊಂಡವಳು ಮತ್ತೆ ಮದುವೆಯಾಗುವಂತಿಲ್ಲ, ಆದರೆ ಅವಳನ್ನು ‘ಇಟ್ಟುಕೊಳ್ಳುವ’ ಗಂಡಸಿಗೆ ಅಡ್ಡಿಯಿಲ್ಲ. ಆತ ಸಾಮಾನ್ಯವಾಗಿ ಹೊಲ ಮನೆ ಇರುವ ಮೇಲುಜಾತಿಯವ, ಬೇರೆ ಹೆಂಡತಿ ಮಕ್ಕಳಿರುವವ. ಇವಳು ದಲಿತರ ಕೇರಿಯ ಬಡವರ ಮನೆಯವಳು. ಶುಕ್ರವಾರ, ಮಂಗಳವಾರ ಪಡಲಗಿ ಹಿಡಿದು ಜೋಗ ಬೇಡುವುದು, ಜಾತ್ರೆಯಲ್ಲಿ ಚೌಡಿಕೆಯ ಪದ ಹಾಡುವುದು ಅವಳ ಪಾಲಿನ ದೇವರ ಕೆಲಸ. ಸಂಬಳವಿಲ್ಲದ ಕೆಲಸ.

ಮಗಳೇ ಮಗನಾಗುವ ಲೆಕ್ಕಾಚಾರ

ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತೆ. ಬಳ್ಳಾರಿ ಸೀಮೆಯಲ್ಲಿ ಈ ಪದ್ಧತಿಗೆ ಹಳೆಯ ಹೆಸರು ‘ಬಸವಿ ಬಿಡುವುದು’. ಫ್ರೆಡ್ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಸವಿಯರ ಬಗ್ಗೆಯೇ ಒಂದು ಪ್ರಬಂಧ ಬರೆದ. ದೇವರಿಗೆ ಬಿಟ್ಟ ಹೆಣ್ಣು ಗಂಡಿನ ಹಕ್ಕುಗಳನ್ನು ಪಡೆಯುತ್ತಾಳೆ ಎಂಬುದು ಅವನನ್ನು ಬೆರಗಾಗಿಸಿದ ಸಂಗತಿ. 1904ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಸಿದ್ಧಪಡಿಸಿದ ಬಳ್ಳಾರಿ ಜಿಲ್ಲಾ ಗೆಜೆಟಿಯರಿನಲ್ಲೂ ಬಸವಿಯರ ಪ್ರಸ್ತಾಪವಿದೆ.

ಲೆಕ್ಕಾಚಾರ ಸರಳ. ಗಂಡುಮಕ್ಕಳಿಲ್ಲದ ಮನೆ. ಹೆಣ್ಣುಮಗಳನ್ನು ಮದುವೆ ಮಾಡಿ ಕಳಿಸಿದರೆ ಮುದಿ ತಂದೆತಾಯಿಗೆ ಗಂಜಿ ಕಾಸುವವರಾರು? ಸತ್ತರೆ ಬಾಯಿಗೆ ನೀರು ಬಿಡುವವರಾರು? ಇರುವ ಒಂದು ತುಂಡು ಹೊಲ ದಾಯಾದಿಗಳ ಪಾಲಾಗದಂತೆ ಉಳಿಸುವವರಾರು? ಮಗಳನ್ನು ಬಸವಿ ಬಿಟ್ಟರೆ ಅವಳು ತವರಿನಲ್ಲೇ ಉಳಿಯುತ್ತಾಳೆ, ದುಡಿದು ಹಾಕುತ್ತಾಳೆ, ಅವಳ ಮಕ್ಕಳು ಅಜ್ಜನ ಮನೆತನವನ್ನೇ ಮುಂದುವರಿಸುತ್ತಾರೆ. ವೃದ್ಧಾಪ್ಯ ವೇತನವಿಲ್ಲದ, ಆಸ್ಪತ್ರೆಯಿಲ್ಲದ, ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕಿಲ್ಲದ ಕಾಲದಲ್ಲಿ ಬಡ ಕುಟುಂಬವೊಂದು ಕಂಡುಕೊಂಡ ಕ್ರೂರವಾದ ಜೀವವಿಮೆ ಇದು. ಕಂತು ಕಟ್ಟಿದವಳು ಮಗಳು, ಲಾಭ ಉಳಿದವರಿಗೆ. ದೇವರ ಹೆಸರು ಅದಕ್ಕೆ ಹಾಕಿದ ಮೊಹರು ಅಷ್ಟೆ. ಮೈಮೇಲೆ ಜಡೆ ಕಟ್ಟಿತೆಂದೋ, ಕಾಯಿಲೆ ಬಂತೆಂದೋ ಹರಕೆ ಹೊತ್ತು ಬಿಟ್ಟವರೂ ಇದ್ದಾರೆ. ಆದರೆ ಅಂಥ ಹರಕೆ ಉಳ್ಳವರ ಮನೆಯ ಹೆಣ್ಣುಮಕ್ಕಳನ್ನು ಸಾಮಾನ್ಯವಾಗಿ ಮುಟ್ಟಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಗುಡಿಯ ಸೇವೆಗೆ ಕೂಲಿ ಇತ್ತೆ ಎಂದು ಕೇಳಿದರೆ, ಕೆಲವರಿಗೆ ಇತ್ತು. ಹಂಪಿಯ ವೈಭವದ ಕಾಲದಲ್ಲಿ ದೊಡ್ಡ ಗುಡಿಗಳ ನರ್ತಕಿಯರ ಸ್ಥಾನಮಾನವನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ದಕ್ಷಿಣದ ದೊಡ್ಡ ದೇವಸ್ಥಾನಗಳಲ್ಲಿ ಹಾಡು, ಕುಣಿತ ಬಲ್ಲ ದೇವದಾಸಿಯರಿಗೆ ಇನಾಂ ಜಮೀನುಗಳಿದ್ದವು. 1929ರಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಮದ್ರಾಸ್ ಪ್ರಾಂತ್ಯದಲ್ಲಿ ಒಂದು ತಿದ್ದುಪಡಿ ಬಂತು. ಗುಡಿಯ ಸೇವೆಯ ಬಂಧನ ಕಳಚಿ ಆ ಜಮೀನು ಆ ಹೆಣ್ಣುಮಕ್ಕಳಿಗೇ ಉಳಿಯುವಂತೆ ಮಾಡಿದ ಕಾನೂನದು. ಬಿಡುಗಡೆಯ ಜೊತೆಗೆ ಅನ್ನದ ದಾರಿಯನ್ನೂ ಯೋಚಿಸಿದ ಜಾಣ ಕ್ರಮ. ಆದರೆ ಕೂಡ್ಲಿಗಿಯ ಬಸವಿಗೆ ಇನಾಂ ಎಲ್ಲಿತ್ತು? ಅವಳಿಗೆ ಇದ್ದದ್ದು ಪಡಲಗಿಯಲ್ಲಿ ಬಿದ್ದ ಜೋಳ, ಮತ್ತೊಬ್ಬರ ಹೊಲದ ಕಳೆ. ಹಾಗಾಗಿ ಆ ತಿದ್ದುಪಡಿಯಿಂದ ಆಕೆಗೆ ದಕ್ಕುವಂಥದ್ದು ಏನೂ ಇರಲಿಲ್ಲ. ಗುಡಿಯ ದೇವದಾಸಿ, ಕೇರಿಯ ಬಸವಿ ಇಬ್ಬರನ್ನೂ ಒಂದೇ ಪದದಲ್ಲಿ ಕರೆಯುವಾಗ ಈ ಅಂತರ ಮರೆಯಾಗಿಬಿಡುತ್ತದೆ.

ಎರಡು ಬಾರಿ ನಿಷೇಧಗೊಂಡ ಸೀಮೆ

1982ರ ಕಾನೂನೇ ಈ ಭಾಗದ ಮೊದಲ ನಿಷೇಧವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಬಳ್ಳಾರಿ ಜಿಲ್ಲೆಯ ಈ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದ್ರಾಸ್ ರಾಜ್ಯದಲ್ಲಿದ್ದವು. ಮುತ್ತುಲಕ್ಷ್ಮಿ ರೆಡ್ಡಿಯವರು 1930ರಲ್ಲಿ ಮಂಡಿಸಿದ್ದ ಮಸೂದೆಯ ಆಶಯ ಕೊನೆಗೂ ಈಡೇರಿ, 1947ರಲ್ಲಿ ಮದ್ರಾಸ್ ಸರ್ಕಾರ ದೇವದಾಸಿ ಸಮರ್ಪಣೆ ತಡೆ ಕಾಯ್ದೆಯನ್ನು ಜಾರಿಗೆ ತಂದಿತು. ಅಂದರೆ ದೇಶ ಸ್ವತಂತ್ರವಾದ ವರ್ಷವೇ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಲ್ಲಿ ಮುತ್ತು ಕಟ್ಟುವುದು ಅಪರಾಧವಾಯಿತು. ಪಕ್ಕದ ಧಾರವಾಡ, ಬಿಜಾಪುರ, ಬೆಳಗಾವಿಗಳಿಗೆ 1934ರ ಬೊಂಬಾಯಿ ಕಾಯ್ದೆ ಇತ್ತು. ಮೈಸೂರು ಅರಸರ ಸರ್ಕಾರ 1909ರಲ್ಲೇ ತನ್ನ ಗುಡಿಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರಿಸಿದ ಹುತಾತ್ಮರ ಸ್ಮಾರಕವಿದೆ. ದೇವದಾಸಿ ಪದ್ಧತಿಯ ವಿರುದ್ಧ ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಬರೆದವರು, ಮುತ್ತುಲಕ್ಷ್ಮಿ ರೆಡ್ಡಿಯವರ ಹೋರಾಟಕ್ಕೆ ಬೆಂಬಲವಾಗಿ ನಿಂತವರು. ಆ ಸ್ಮಾರಕದ ಸುತ್ತಮುತ್ತಲಿನ ಹಳ್ಳಿಗಳಲ್ಲೇ ಪದ್ಧತಿ ಬೇರುಬಿಟ್ಟು ನಿಂತಿತ್ತು ಎಂಬುದು ಇತಿಹಾಸದ ವ್ಯಂಗ್ಯ.

ರಾಜ್ಯ ವಿಧಾನಮಂಡಲ 1982ರಲ್ಲಿ ಅಂಗೀಕರಿಸಿದ ದೇವದಾಸಿ (ಸಮರ್ಪಣೆ ನಿಷೇಧ) ಕಾಯ್ದೆ 1984ರಲ್ಲಿ ಜಾರಿಗೆ ಬಂತು. ಸಮರ್ಪಣೆ ಮಾಡಿದವರಿಗೆ, ಅದರಲ್ಲಿ ಭಾಗವಹಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಸಾವಿರ ರೂ.ವರೆಗೆ ದಂಡ. ಹೆತ್ತವರೋ ಬಂಧುಗಳೋ ಆಗಿದ್ದರೆ ಎರಡರಿಂದ ಐದು ವರ್ಷ, ದಂಡವೂ ಹೆಚ್ಚು. ಕಾಗದದ ಮೇಲೆ ಕಠಿಣವಾಗಿ ಕಾಣುವ ಈ ಕಲಮಿನಲ್ಲೇ ಅದರ ಸೋಲೂ ಅಡಗಿತ್ತು. ದೂರು ಕೊಡಬೇಕಾದವಳು ಮಗಳು, ಜೈಲಿಗೆ ಹೋಗಬೇಕಾದವಳು ತಾಯಿ. ಯಾವ ಹುಡುಗಿ ಠಾಣೆಯ ಮೆಟ್ಟಿಲು ಹತ್ತಿಯಾಳು? ಅವಳ ಬದುಕಿನ ಲಾಭ ಪಡೆದ ಗಂಡಸಿನ ವಿಚಾರಕ್ಕೆ ಬಂದರೆ, ಮುತ್ತು ಕಟ್ಟುವ ಶಾಸ್ತ್ರದಲ್ಲಿ ಆತ ನಿಂತಿರದಿದ್ದರೆ ಕಾಯ್ದೆ ಅವನನ್ನು ಕೇಳುವುದು ಕಡಿಮೆ. ಇನ್ನು, ಹಬ್ಬದ ದಿನ ಗುಡಿಯ ಮುಂದೆ ಪೊಲೀಸರು ನಿಂತರೆ ಮುತ್ತನ್ನು ಮನೆಯ ಜಗಲಿಯ ಮೇಲೂ ಕಟ್ಟಬಹುದಲ್ಲ!

ಧರ್ಮದ ವಿಷಯದಲ್ಲಿ ಸರ್ಕಾರ ಕೈಹಾಕಬಹುದೇ ಎಂಬ ತಕರಾರು ಆಗಲೂ ಇತ್ತು, ಈಗಲೂ ಕೇಳಿಬರುತ್ತದೆ. ಸಂವಿಧಾನದ 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯವನ್ನು ಕೊಡುವಾಗಲೇ ಅದನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಡಿಸಿದೆ. ಸಮಾಜ ಸುಧಾರಣೆಗೆ ಕಾನೂನು ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಉಳಿಸಿದೆ. 23ನೇ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಿಷೇಧಿಸುತ್ತದೆ. 1990ರ ವಿಶಾಲ್ ಜೀತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದೇವದಾಸಿ, ಜೋಗಿಣಿ ಪದ್ಧತಿಗಳನ್ನು ಹೆಣ್ಣುಮಕ್ಕಳ ಲೈಂಗಿಕ ಶೋಷಣೆಯ ಪ್ರಶ್ನೆಯಾಗಿಯೇ ಪರಿಗಣಿಸಿತು. ಕಾನೂನಿನ ಮಟ್ಟಿಗೆ ಈ ವಾದ ಮುಗಿದಿದೆ ಎನ್ನಬಹುದು.

ಆದರೆ ಭಕ್ತಿಯೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯಲ್ಲ. ಹೊಸಪೇಟೆ ಬಳಿಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು ಎಲ್ಲಮ್ಮನ ಹೆಸರಿನಲ್ಲೇ ಜೋಗತಿ ನೃತ್ಯ ಕಲಿತು ಬೆಳೆದವರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಆ ಹುದ್ದೆಗೇರಿದ ಮೊದಲ ಟ್ರಾನ್ಸ್‌ಜೆಂಡರ್ ವ್ಯಕ್ತಿ ಅವರು. 2021ರಲ್ಲಿ ಪದ್ಮಶ್ರೀ ಬಂತು. ಮನೆಯಿಂದ ಹೊರದೂಡಲ್ಪಟ್ಟವರಿಗೆ ಅದೇ ದೇವಿಯ ಕೊಡ ಆಸರೆಯೂ ಆಯಿತು, ಕಲೆಯೂ ಆಯಿತು. ಚೌಡಿಕೆಯ ಪದ ಉಳಿಯಲಿ, ಮುತ್ತು ಹೋಗಲಿ ಎನ್ನುವವರ ಮಾತಿನಲ್ಲಿ ತಿರುಳಿದೆ.

ಪಟ್ಟಿಯೊಳಗಿನವರು, ಪಟ್ಟಿಯ ಹೊರಗಿನವರು

ನಿಷೇಧದಿಂದ ಹೊಟ್ಟೆ ತುಂಬುವುದಿಲ್ಲವೆಂದು ಸರ್ಕಾರಕ್ಕೆ ಮನವರಿಕೆಯಾಗಲು ಸುಮಾರು ಒಂದು ದಶಕ ಹಿಡಿಯಿತು. ತೊಂಬತ್ತರ ದಶಕದ ಆರಂಭದಲ್ಲಿ ಮಹಿಳಾ ಅಭಿವೃದ್ಧಿ ನಿಗಮದ ಮೂಲಕ ದೇವದಾಸಿ ಪುನರ್ವಸತಿ ಯೋಜನೆ ಶುರುವಾಯಿತು. 1993-94ರ ಸಮೀಕ್ಷೆಯಲ್ಲಿ 22,873 ಮಹಿಳೆಯರನ್ನು ಗುರುತಿಸಲಾಯಿತು. 2007-08ರ ಎರಡನೇ ಸಮೀಕ್ಷೆಯಲ್ಲಿ ಇನ್ನೂ 23,787 ಮಂದಿ ಸೇರಿದರು. ಒಟ್ಟು 46,660. ಬಳ್ಳಾರಿ, ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ರಾಯಚೂರು ಸೇರಿದಂತೆ ಬಹುಪಾಲು ಉತ್ತರ ಮತ್ತು ಮಧ್ಯ ಕರ್ನಾಟಕದ ಜಿಲ್ಲೆಗಳವರು. ಎರಡನೇ ಸಮೀಕ್ಷೆಯಲ್ಲಿ ಮೊದಲನೆಯದಕ್ಕಿಂತ ಹೆಚ್ಚು ಜನ ಸಿಕ್ಕದ್ದು ಏನನ್ನು ಹೇಳುತ್ತದೆ? ಮೊದಲ ಸಲ ಬಿಟ್ಟುಹೋದವರು ಅಷ್ಟಿದ್ದರೇ, ಹೆಸರು ಹೇಳಲು ನಾಚಿದವರು ಧೈರ್ಯ ಮಾಡಿದರೇ, ಅಥವಾ ನಡುವಿನ ಹದಿನಾಲ್ಕು ವರ್ಷಗಳಲ್ಲಿ ಹೊಸ ಮುತ್ತುಗಳು ಬಿದ್ದವೇ? ಮೂರೂ ಸ್ವಲ್ಪ ಸ್ವಲ್ಪ ನಿಜವಿರಬೇಕು. ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿಸಿಕೊಂಡವಳು ತನ್ನ ಹೆಸರು ಬರೆಸಿದರೆ ತನ್ನವರ ಅಪರಾಧವನ್ನೇ ಒಪ್ಪಿಕೊಂಡಂತೆ. ಆದ್ದರಿಂದ ಸಣ್ಣ ವಯಸ್ಸಿನವರು ಎಣಿಕೆಗೆ ಸಿಗುವುದು ಕಷ್ಟ.

ಮನೆ, ಸಾಲ ಸಹಾಯಧನ, ಮಕ್ಕಳ ಮದುವೆಗೆ ಪ್ರೋತ್ಸಾಹಧನ, ಮಾಸಾಶನ ಎಲ್ಲವೂ ಈ ಪಟ್ಟಿಯ ಮೇಲೇ ನಿಂತಿವೆ. ಪಟ್ಟಿಯಲ್ಲಿ ಹೆಸರಿಲ್ಲದವಳು ಊರಿಗೆಲ್ಲ ದೇವದಾಸಿ, ಕಚೇರಿಗೆ ಮಾತ್ರ ಅಲ್ಲ! ಅದಕ್ಕೇ ಹೊಸ ಎಣಿಕೆ ಬೇಕೆಂದು ದೇವದಾಸಿ ಮಹಿಳೆಯರ ಸಂಘಟನೆಗಳು ವರ್ಷಗಳ ಕಾಲ ತಹಶೀಲ್ದಾರರ ಕಚೇರಿಗಳ ಮುಂದೆ ಧರಣಿ ಕೂತವು. ಕರ್ನಾಟಕ ರಾಜ್ಯ ದೇವದಾಸಿ ಮಹಿಳೆಯರ ವಿಮೋಚನಾ ಸಂಘ ಈ ಬೇಡಿಕೆಗಳನ್ನು ಬೆಂಗಳೂರಿನವರೆಗೆ ಒಯ್ದಿದೆ. ಹೊಸಪೇಟೆಯ ಸಖಿ ಟ್ರಸ್ಟ್ ಈ ಮನೆಗಳ ಹೆಣ್ಣುಮಕ್ಕಳ ಓದಿನ ಬೆನ್ನು ಹತ್ತಿದೆ. ಭಾಷಣ ಮಾಡುವವರು ಬದಲಾಗಿದ್ದಾರೆ ಎಂಬುದು ಇಲ್ಲಿ ಗಮನಿಸಬೇಕಾದದ್ದು. ಹಿಂದೆ ಇವರ ಪರವಾಗಿ ಸುಧಾರಕರು ಮಾತನಾಡುತ್ತಿದ್ದರು; ಈಗ ಮೈಕಿನ ಮುಂದೆ ಇವರೇ ನಿಲ್ಲುತ್ತಾರೆ, ಪಕ್ಕದಲ್ಲಿ ಕಾಲೇಜು ಕಲಿಯುವ ಮಗಳು ಮನವಿಪತ್ರ ಹಿಡಿದಿರುತ್ತಾಳೆ.

ಮಾಸಾಶನ ಕೆಲವು ನೂರು ರೂಪಾಯಿಗಳಿಂದ ಶುರುವಾಗಿ ಒಂದೂವರೆ ಸಾವಿರಕ್ಕೆ ಬಂದಿತ್ತು. 2024ರ ಬಜೆಟ್ಟಿನಲ್ಲಿ ಅದನ್ನು ಎರಡು ಸಾವಿರಕ್ಕೆ ಏರಿಸುವ ಘೋಷಣೆಯಾಯಿತು. ಆರು ತಿಂಗಳ ಹಿಂದೆ, 2023ರ ಆಗಸ್ಟ್ 30ರಂದು, ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವುದು ಆರಂಭವಾಗಿತ್ತು. ಕಟ್ಟೆಯ ಮೇಲಿನ ಚರ್ಚೆಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ಪುಕ್ಕಟೆ ಹಣದಿಂದ ಕೂಲಿಗೆ ಜನ ಸಿಗುತ್ತಿಲ್ಲ ಎಂದು ಹೊಲದ ಯಜಮಾನರು. ಮಾಸಾಶನ ಕೊಟ್ಟರೆ ಪದ್ಧತಿಗೇ ಕುಮ್ಮಕ್ಕು ಕೊಟ್ಟಂತಲ್ಲವೆ, ನಾಳೆ ಹಣಕ್ಕಾಗಿ ಮುತ್ತು ಕಟ್ಟಿಸಿಕೊಳ್ಳುವವರು ಹುಟ್ಟಿಕೊಂಡರೆ ಎಂದು ಇನ್ನು ಕೆಲವರು. ಈ ಕೊನೆಯ ಮಾತನ್ನು ಒಂದು ಕ್ಷಣ ಒರೆಗೆ ಹಚ್ಚಿ ನೋಡಬೇಕು. ತಿಂಗಳಿಗೆ ಎರಡು ಸಾವಿರವೆಂದರೆ ದಿನಕ್ಕೆ ಸುಮಾರು 67 ರೂ. ಅಷ್ಟಕ್ಕಾಗಿ ಮಗಳ ಬದುಕನ್ನು ಒತ್ತೆ ಇಡುವ ಮನೆ ಇದ್ದರೆ ಆ ಮನೆಯ ಹಸಿವನ್ನು ಮೊದಲು ವಿಚಾರಿಸಬೇಕಲ್ಲವೆ? ಅದೂ ಅಲ್ಲದೆ ಹಳೆಯ ಎರಡು ಸಮೀಕ್ಷೆಗಳ ಪಟ್ಟಿಗೆ ಬೀಗ ಹಾಕಿಟ್ಟಿದ್ದ ವರ್ಷಗಳಲ್ಲಿ ಹೊಸದಾಗಿ ಮುತ್ತು ಕಟ್ಟಿಸಿಕೊಂಡವಳಿಗೆ ಮಾಸಾಶನ ಸಿಗುವ ದಾರಿಯೇ ಇರಲಿಲ್ಲ.

ಕೂಲಿಯ ಮಾತು

ಈ ಹೆಣ್ಣುಮಕ್ಕಳ ಬೇಡಿಕೆಗಳಲ್ಲಿ ಮಾಸಾಶನದಷ್ಟೇ ಮುಖ್ಯವಾಗಿ ಬರುವುದು ಭೂಮಿ ಮತ್ತು ಕೆಲಸ. ಮಳೆಯನ್ನೇ ನಂಬಿದ ಕೆಂಪು, ಕಪ್ಪು ಹೊಲಗಳ ಸೀಮೆ ಇದು. ಜೋಳ, ಶೇಂಗಾ, ಮೆಕ್ಕೆಜೋಳ, ಹಡಗಲಿ ಸುತ್ತ ಹೆಸರಾಂತ ಮಲ್ಲಿಗೆ. ಸುಗ್ಗಿ ಮುಗಿದರೆ ಗುಳೆ: ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಕಾಯ್ದೆ 1976ರಲ್ಲೇ ಬಂತು, ಅದರ ಅಂಶಗಳು 2019ರ ವೇತನ ಸಂಹಿತೆಯಲ್ಲಿ ಸೇರಿಕೊಂಡವು. ಆದರೂ ಕಳೆ ಕೀಳುವ ಹೆಣ್ಣಾಳಿಗೆ ಒಂದು ದರ, ಗಂಡಾಳಿಗೆ ಇನ್ನೊಂದು ದರ ಎಂಬುದು ಹೊಲದ ಬದುವಿನ ಮೇಲೆ ಯಾರೂ ಪ್ರಶ್ನಿಸದ ಶಾಸನ.

ಈ ಶಾಸನವನ್ನು ಮೊದಲು ಅಲುಗಾಡಿಸಿದ್ದು ಉದ್ಯೋಗ ಖಾತ್ರಿ ಎಂದರೆ ತಪ್ಪಾಗಲಾರದು. ಅಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. ಇದರ ಹಿಂದೆ ನಕ್ಷೆಯ ಒಂದು ತಮಾಷೆಯೂ ಇದೆ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಗಿತ್ತು. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಮೊದಲು ಜಾರಿಯಾದ 200 ಜಿಲ್ಲೆಗಳಲ್ಲಿ ದಾವಣಗೆರೆ ಇತ್ತು, ಬಳ್ಳಾರಿ ಇರಲಿಲ್ಲ. ಹೀಗಾಗಿ ಹರಪನಹಳ್ಳಿಯ ಹೆಂಗಸರು ಕೆಲಸದ ಚೀಟಿ ಹಿಡಿದು ಕೆರೆ ಹೂಳೆತ್ತಲು ಹೊರಟಾಗ, ಗಡಿಯಾಚೆಯ ಕೂಡ್ಲಿಗಿ, ಹಡಗಲಿಯವರು 2007ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಮುಂದೆ ಲೆಕ್ಕ ತಿರುಗುಮುರುಗಾಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಬಂದಾಗ ಬಳ್ಳಾರಿ ಜಿಲ್ಲೆಗೆ ಶಿಕ್ಷಣ, ಉದ್ಯೋಗದ ಮೀಸಲು ಸಿಕ್ಕಿತು, ದಾವಣಗೆರೆಯಲ್ಲಿದ್ದ ಹರಪನಹಳ್ಳಿಯ ಮಕ್ಕಳು ಹೊರಗುಳಿದರು. ಹೋರಾಟದ ಫಲವಾಗಿ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳುವ ತೀರ್ಮಾನವಾಯಿತು. 2021ರಿಂದ ಈ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯವು. ಬಡವರ ಪಾಲಿಗೆ ಜಿಲ್ಲೆಯ ಗಡಿ ಎಂದರೆ ನಕ್ಷೆಯ ಗೆರೆ ಮಾತ್ರವಲ್ಲ.

ಲೆಕ್ಕದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗಳು ಇದನ್ನೂ ಮಾಡಿ ನೋಡಬಹುದು. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂ. ಪೂರ್ತಿ ನೂರು ದಿನ ಕೆಲಸ ಸಿಕ್ಕಿದ್ದರೆ 37,000 ರೂ. ಎರಡು ಸಾವಿರದ ಮಾಸಾಶನ ವರ್ಷಕ್ಕೆ 24,000 ರೂ. ಎರಡನ್ನೂ ಕೂಡಿಸಿದರೆ 61,000. ತಾಯಿ, ಅಜ್ಜಿ, ಇಬ್ಬರು ಮಕ್ಕಳಿರುವ ಮನೆಗೆ ಇದನ್ನು ಹಂಚಿದರೆ ತಲೆಗೆ ದಿನಕ್ಕೆ 41 ರೂ. ಚಿಲ್ಲರೆ ಬೀಳುತ್ತದೆ. ಹುಡುಗಿ ಡಿಗ್ರಿ ಓದಲು ಹೊಸಪೇಟೆಗೋ ದಾವಣಗೆರೆಗೋ ಹೋಗಬೇಕೆಂದರೆ ಬಸ್ಸು ಪುಕ್ಕಟೆ, ಸರಿ. ಹಾಸ್ಟೆಲಿನಲ್ಲಿ ಸೀಟು ಸಿಗದಿದ್ದರೆ ಬಾಡಿಗೆ ಯಾರು ಕೊಡಬೇಕು?

‘ತಂದೆಯ ಹೆಸರು’

ಹಣದ ಕಷ್ಟ ಎಲ್ಲ ಬಡ ಮಕ್ಕಳಿಗೂ ಇದ್ದದ್ದೇ. ಈ ಮಕ್ಕಳಿಗೆ ಅದರ ಮೇಲೊಂದು. ಒಂದನೇ ತರಗತಿಯ ದಾಖಲಾತಿಯಿಂದ ಹಿಡಿದು ವಿದ್ಯಾರ್ಥಿವೇತನ, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕಿನವರೆಗೆ ಯಾವ ಅರ್ಜಿ ತೆಗೆದರೂ ಎರಡನೆಯದೋ ಮೂರನೆಯದೋ ಕಾಲಂ ‘ತಂದೆಯ ಹೆಸರು’. ಗುಮಾಸ್ತರು ಹಾಜರಿ ಕರೆದಷ್ಟೇ ಸಲೀಸಾಗಿ ಅದನ್ನು ಜೋರಾಗಿ ಕೇಳುತ್ತಾರೆ. ಸಾಲಿನಲ್ಲಿ ಹಿಂದೆ ನಿಂತ ಗೆಳತಿಯರಿಗೆ ಕೇಳಿಸುತ್ತದೆ. ಊರಿನಲ್ಲಿ ಆ ಹೆಸರು ಎಲ್ಲರಿಗೂ ಗೊತ್ತಿರುತ್ತದೆ, ಬರೆಯುವಂತಿರುವುದಿಲ್ಲ. ಅದೇ ಹೆಸರಿನ ಮನೆಯ ಮಗ ಅದೇ ತರಗತಿಯಲ್ಲಿ ಕೂತಿರಲೂಬಹುದು. ಕಾಲಂ ಖಾಲಿ ಬಿಟ್ಟರೆ ಅರ್ಜಿ ವಾಪಸ್ಸು. ಹೀಗಾಗಿ ಅಜ್ಜನ ಹೆಸರನ್ನೋ, ಸೋದರಮಾವನ ಹೆಸರನ್ನೋ ಬರೆಸಿ ಕಷ್ಟ ಕಳೆದುಕೊಂಡ ತಾಯಂದಿರಿದ್ದಾರೆ.

ಈ ಕಾಲಮಿನ ಬಿಗಿ ಕಳೆದ ಹದಿನೈದು ವರ್ಷಗಳಲ್ಲಿ ಒಂದೊಂದೇ ಎಳೆಯಾಗಿ ಸಡಿಲವಾಗಿದೆ. ಅಂತರ್ಜಾತಿ ಸಂಬಂಧದಲ್ಲಿ ಹುಟ್ಟಿದ ಮಗುವಿನ ಜಾತಿಯನ್ನು ತಂದೆಯ ಜಾತಿಯಿಂದಲೇ ಕಣ್ಣುಮುಚ್ಚಿ ತೀರ್ಮಾನಿಸಬಾರದು, ಮಗು ಯಾವ ಸಮುದಾಯದಲ್ಲಿ ಬೆಳೆಯಿತು, ಯಾವ ಅವಮಾನ ಉಂಡಿತು ಎಂಬುದನ್ನು ನೋಡಬೇಕು ಎಂದು 2012ರ ರಮೇಶಭಾಯಿ ನಾಯಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. 2015ರಲ್ಲಿ ಅದೇ ನ್ಯಾಯಾಲಯವು ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪೋಷಕಳಾಗಬಹುದು, ಜನನ ಪ್ರಮಾಣಪತ್ರವನ್ನೂ ಪಡೆಯಬಹುದು ಎಂದಿತು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟಿಗೆ ಹೆತ್ತವರಲ್ಲಿ ಒಬ್ಬರ ಹೆಸರು ಸಾಕು. 2018ರ ಡಿಸೆಂಬರಿನಿಂದ ತಾಯಿ ಒಬ್ಬಳೇ ಸಾಕಿದ ಮಕ್ಕಳಿಗೆ ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಇವುಗಳಲ್ಲಿ ಹೆಚ್ಚಿನವು ದೇವದಾಸಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವಲ್ಲ. ದೂರದ ನಗರಗಳ ಒಂಟಿ ತಾಯಂದಿರು ಗೆದ್ದ ಹೋರಾಟದ ಫಲ ಹಗರಿಬೊಮ್ಮನಹಳ್ಳಿಗೂ ಹರಿದು ಬಂತು.

1982ರ ಕಾಯ್ದೆ ಮಕ್ಕಳ ಬಗ್ಗೆ ಹೇಳಿದ್ದು ಬಹಳ ಕಡಿಮೆ. ದೇವದಾಸಿಯಾಗಿದ್ದವಳು ಮದುವೆಯಾದರೆ ಆ ಮದುವೆ ಅಸಿಂಧುವಲ್ಲ, ಆ ಮದುವೆಯ ಮಕ್ಕಳು ಅಕ್ರಮ ಸಂತಾನವಲ್ಲ ಎಂದಷ್ಟೇ. ಮದುವೆಯೇ ಆಗದವಳ ಮಕ್ಕಳ ಗತಿ? 2025ರ ಆಗಸ್ಟಿನಲ್ಲಿ ವಿಧಾನಮಂಡಲ ಅಂಗೀಕರಿಸಿದ ಕರ್ನಾಟಕ ದೇವದಾಸಿ (ತಡೆಗಟ್ಟುವಿಕೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ) ಮಸೂದೆ ಈ ಕೊರತೆಯನ್ನು ತುಂಬಲು ಹೊರಟಿತು. ಈ ಮಕ್ಕಳನ್ನು ಕಾನೂನುಬದ್ಧ ಮಕ್ಕಳೆಂದು ಕಾಣುವುದು, ಅರ್ಜಿಗಳಲ್ಲಿ ತಂದೆಯ ಹೆಸರಿಗೆ ಒತ್ತಾಯಿಸದಿರುವುದು, ಬೇಕೆನಿಸಿದರೆ ತಂದೆ ಯಾರೆಂದು ಗುರುತಿಸಿಕೊಂಡು ಪಾಲು ಕೇಳುವುದು, ಇವು ಅದರ ಮುಖ್ಯ ಅಂಶಗಳು. ಮೊದಲ ಸಲ ಕಾನೂನು ಆ ಗಂಡಸಿನ ಮನೆಯ ಬಾಗಿಲಿನತ್ತ ಬೆರಳು ತೋರಿಸಿತು.

ಪಾಲು ಕೇಳುವುದು ಹೇಳಿದಷ್ಟು ಸುಲಭವೇ? ಯಾರ ಹೊಲದಲ್ಲಿ ತಾಯಿ ಕೂಲಿಗೆ ಹೋಗುತ್ತಾಳೋ, ಯಾರ ಬಾವಿಯ ನೀರು ಕೇರಿಗೆ ಬೇಕೋ, ಆ ಮನೆಯ ಮೇಲೆ ದಾವೆ ಹೂಡುವುದೆಂದರೆ ಊರಿನ ಅನ್ನವನ್ನೇ ಎದುರು ಹಾಕಿಕೊಂಡಂತೆ. ತಾಯಿಗೆ ಒಂದು ಎಕರೆ ಸ್ವಂತ ಹೊಲವಿದ್ದು, ಮಗನಿಗೋ ಮಗಳಿಗೋ ಊರ ಹೊರಗೊಂದು ನೌಕರಿ ಇದ್ದರೆ ಮಾತು ಬೇರೆ. ಹಾಗಾಗಿಯೇ ಸಂಘಟನೆಯ ಮಹಿಳೆಯರು ಭೂಮಿಯ ಮಾತನ್ನು ಪಟ್ಟು ಬಿಡದೆ ಎತ್ತುತ್ತಾರೆ. ಮೊದಲ ಹಕ್ಕನ್ನು, ಅಂದರೆ ಹೆಸರು ಹೇಳದೇ ಇರುವ ಹಕ್ಕನ್ನು, ಹೆಚ್ಚು ಮಕ್ಕಳು ಬಳಸಿಕೊಂಡಾರು. ಎರಡನೆಯದಕ್ಕೆ ಕಾಲ ಬೇಕು.

ಅಷ್ಟರಲ್ಲಿ ಪೋಷಕರು ಮತ್ತು ಶಿಕ್ಷಕರು ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ. ಒಂದನೇ ತರಗತಿಯಲ್ಲಿ ಅಜ್ಜನ ಹೆಸರು, ಆಧಾರಿನಲ್ಲಿ ಮಾವನ ಹೆಸರು, ಬ್ಯಾಂಕಿನಲ್ಲಿ ತಾಯಿಯ ಹೆಸರು ಹೀಗೆ ಮೂರು ಕಡೆ ಮೂರಾಗಿ ದಾಖಲಾಗಿದ್ದರೆ ವಿದ್ಯಾರ್ಥಿವೇತನಕ್ಕೆ ತೊಡಕಾಗಬಹುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ಆಮೇಲೆ ತಿದ್ದಿಸುವುದು ಅಲೆದಾಟದ ಕೆಲಸ. ಆದ್ದರಿಂದ ಹುಡುಗಿ ಎಂಟನೆಯ ತರಗತಿಯಲ್ಲಿರುವಾಗಲೇ ಶಾಲೆಯ ದಾಖಲಾತಿ ಪುಸ್ತಕ ತೆಗೆಸಿ ನೋಡಿ, ತಾಯಿಯ ಹೆಸರೊಂದನ್ನೇ ಎಲ್ಲೆಡೆ ಒಂದೇ ರೀತಿ ಬರೆಸಲು ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಡುವುದು ಮೇಲು. ಅರ್ಜಿ ತೆಗೆದುಕೊಂಡದ್ದಕ್ಕೆ ಸಹಿ, ಮೊಹರು ಇರುವ ಪ್ರತಿಯೊಂದನ್ನು ಇಸಿದುಕೊಂಡು ಮನೆಯಲ್ಲಿ ಜೋಪಾನವಾಗಿ ಇಡಬೇಕು.